ಒದೆಯುವ ಡಾಕ್ಟರಬಾಯಿ

ನಾನು ಹುಟ್ಟಿದ್ದು ಕಾಲು ಮುಂದಾಗಿ. ತಲೆ ಬರಬೇಕಾದ ಕಡೆ ಮೊದಲು ಎರಡು ಪಾದ ಬಂದವಂತೆ, ಸೂಲಗಿತ್ತಿ ಗಾಬರಿಯಾಗಿ ಇದ್ದಬದ್ದ ದೇವರನ್ನೆಲ್ಲ ಕರೆದಳಂತೆ. ಅವ್ವನೂ ನಾನೂ ಉಳಿದದ್ದೇ ಪುಣ್ಯ. ಆದರೆ ಮೋರಟಗಿ ಹತ್ತಿರದ ನಮ್ಮ ಹಳ್ಳಿಯವರಿಗೆ ಅದು ಗಂಡಾಂತರವಲ್ಲ, ವರ. ಹಾಗೆ ಹುಟ್ಟಿದವರು ಒದ್ದರೆ ಉಳುಕಿದ ಸೊಂಟ, ಹಿಡಿದುಕೊಂಡ ಬೆನ್ನು ಬಿಟ್ಟುಹೋಗುತ್ತದೆ ಎಂದು ನಂಬುವ ಜನ ಅವರು. ಹೀಗಾಗಿ ನನ್ನ ವೈದ್ಯವೃತ್ತಿ ನನಗೆ ಸರಿಯಾಗಿ ನಿಲ್ಲಲು ಬರುವ ಮೊದಲೇ ಶುರುವಾಯಿತು.

ಬೆನ್ನುನೋವಿನವರು ಬೆಳಗ್ಗೆ ಬಂದು ನಮ್ಮ ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗುತ್ತಿದ್ದರು. ಅವ್ವ ನನ್ನ ತೋಳು ಹಿಡಿದು ನಿಲ್ಲಿಸುತ್ತಿದ್ದಳು. ಬಲಗಾಲಿನಿಂದ ಮೂರು ಸಲ ಒದೆಯಬೇಕು. ಹಿರಿಯರನ್ನು ಒದೆಯುವುದು ಪಾಪ, ಅದಕ್ಕೆ ಒದ್ದ ಕೂಡಲೇ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಒಂದು ಸಲ ನಮ್ಮ ಶಾಲೆಯ ಮಾಸ್ತರರೇ ಬಂದು ಮಲಗಿದರು. ಹಿಂದಿನ ದಿನ ಮಗ್ಗಿ ತಪ್ಪಿದ್ದಕ್ಕೆ ಅವರು ನನ್ನ ಅಂಗೈ ಕೆಂಪು ಮಾಡಿದ್ದರು. ನಾನು ಮೂರರ ಬದಲು ಐದು ಒದ್ದೆ. "ಸಾಕ ಬಿಡವ್ವಾ, ನೋವ ಹ್ವಾದಂಗಾತು," ಎಂದು ಅವರೇ ಎದ್ದು ಹೋದರು. ನೋವು ಹೋಯಿತೋ ಬಿಟ್ಟಿತೋ, ಮಾಸ್ತರರು ಮಾತ್ರ ಮತ್ತೆ ಬರಲಿಲ್ಲ.

ಮುಂದೆ ನಾನು ಓದಿದೆ, ಡಾಕ್ಟರಾದೆ. ಈಗ ಸಿಂದಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೇನೆ. ಓದಿದ ಮೇಲೆ ಒದೆಯುವ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ನಮ್ಮಲ್ಲಿಗೆ ಬಿದ್ದವರು ಬಹಳ ಬರುತ್ತಾರೆ. ಬೇವಿನ ಮರದಿಂದ, ಬಾವಿಯ ಕಟ್ಟೆಯಿಂದ, ಬೈಕಿನಿಂದ, ಕಟ್ಟುತ್ತಿರುವ ಮನೆಯ ಮಾಳಿಗೆಯಿಂದ. ಇವರಲ್ಲಿ ಯಾರ ಬೆನ್ನುಹುರಿಗೆ ಪೆಟ್ಟಾಗಿದೆ, ಎಷ್ಟು ಆಗಿದೆ ಎಂದು ಹೇಳುವ ದೊಡ್ಡ ಮಷೀನು ನಮ್ಮಲ್ಲಿ ಇಲ್ಲ. ಇರುವುದು ಒಂದು ರಬ್ಬರಿನ ಸುತ್ತಿಗೆ, ಒಂದಿಷ್ಟು ಪಿನ್ನು, ಹತ್ತಿ. ಅಷ್ಟಿದ್ದರೆ ಸಾಕು, ಮೈಯೇ ಹೇಳುತ್ತದೆ. ಬೆನ್ನುಹುರಿ ನಮ್ಮ ಕಿರುಬೆರಳಿನಷ್ಟು ದಪ್ಪ. ಮೈಯ ಚರ್ಮದ ಒಂದೊಂದು ಪಟ್ಟಿಯೂ ಅದರ ಒಂದೊಂದು ಜಾಗಕ್ಕೆ ವರದಿ ಕೊಡುತ್ತದೆ. ಎದೆಯ ಮಟ್ಟಕ್ಕೆ ಒಂದು, ಹೊಕ್ಕುಳಿಗೆ ಒಂದು, ತೊಡೆಯ ಸಂದಿಗೆ ಒಂದು. ಪಿನ್ನಿನಿಂದ ಮುಟ್ಟುತ್ತಾ ಕೆಳಗಿಳಿದರೆ, ಎಲ್ಲಿ ಚುಚ್ಚಿದ್ದು ಗೊತ್ತಾಗುವುದಿಲ್ಲವೋ ಅಲ್ಲಿಗೆ ಪೆಟ್ಟಿನ ಮಟ್ಟ ಸಿಕ್ಕಿತು. ಇದನ್ನು ಕಲಿಯಲು ನಾನು ವರ್ಷಗಳನ್ನು ಕಳೆದಿದ್ದೇನೆ. ಆದರೆ ಎಕ್ಸ್‌ರೇ ಫೋಟೋವನ್ನು ತಲೆಕೆಳಗೆ ಹಿಡಿದಾದರೂ ನಂಬುವ ನಮ್ಮ ಜನ ಪಿನ್ನನ್ನು ನಂಬುವುದಿಲ್ಲ. "ಟಾಚಣಿ ಚುಚ್ಚಿ ಕಳಿಸಿದ್ರು" ಎಂದು ಹೊರಗೆ ಹೇಳಿಕೊಂಡು ಹೋಗುತ್ತಾರೆ.

ಅದಕ್ಕಿಂತ ಸಿಟ್ಟು ಬರಿಸುವುದು ಇನ್ನೊಂದಿದೆ. ಬಿದ್ದವನನ್ನು ಎಬ್ಬಿಸಿ ಕೂರಿಸುವುದು ನಮ್ಮವರ ಮೊದಲ ಕೆಲಸ. ಎರಡು ತಂಬಿಗೆ ನೀರು ಕುಡಿಸುವುದು ಎರಡನೆಯದು. ಆಮೇಲೆ ಬೈಕಿನ ಮೇಲೆ ಇಬ್ಬರ ನಡುವೆ ಅವನನ್ನು ಒತ್ತಿ ಕೂರಿಸಿಕೊಂಡು ಬರುತ್ತಾರೆ. ಒಳಗೆ ಮುರಿದ ಎಲುಬು, ಅದರ ಪಕ್ಕದಲ್ಲೇ ಮೆತ್ತಗಿನ ಹುರಿ, ಕೆಳಗೆ ನಮ್ಮ ರಸ್ತೆ. ಕೂರಿಸಬೇಡಿ, ಮಲಗಿಸಿಯೇ ತನ್ನಿ, ಮನೆಯ ಬಾಗಿಲನ್ನಾದರೂ ಕಿತ್ತು ಅದರ ಮೇಲೆ ಮಲಗಿಸಿ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ. ಬಡಿಗನಿಂದ ಆಳುದ್ದದ ಒಂದು ಹಲಗೆ ಮಾಡಿಸಿ, ಪಟ್ಟಿ ಹಾಕಿಸಿ, ವಾರ್ಡಿನ ಗೋಡೆಗೆ ನಿಲ್ಲಿಸಿದ್ದೆ. ಒಂದು ದಿನ ಅದು ಕಾಣಲಿಲ್ಲ. ಹುಡುಕಿದರೆ ಮಾಳಿಗೆಯ ಮೇಲೆ ಆಯಾ ಅದರ ಮೇಲೆ ಸಂಡಿಗೆ ಒಣಹಾಕಿದ್ದಳು. ಬೈದರೆ, "ಖಾಲಿ ಇತ್ತಲ್ರೀ ಮೇಡಂ," ಎಂದಳು.

ಆ ವರ್ಷ ಕಬ್ಬಿನ ಕಟಾವು ಜೋರಾಗಿತ್ತು. ಒಂದು ಮಧ್ಯಾಹ್ನ ಆಲಮೇಲದ ಕಡೆಯಿಂದ ಒಬ್ಬನನ್ನು ಟ್ರ್ಯಾಕ್ಟರಿನಲ್ಲಿ ತಂದರು. ನಲವತ್ತೈದರ ಗಂಡಸು, ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು, ಟ್ರೇಲರಿಗೆ ಆನಿಸಿದ ಹಲಗೆ ಏರುವಾಗ ಜಾರಿ, ಬೆನ್ನು ಅಡಿಯಾಗಿ ಬಿದ್ದಿದ್ದ. ಅವನ ದೈವ ದೊಡ್ಡದು. ಟ್ರೇಲರಿನಲ್ಲಿ ಕಬ್ಬಿನ ಒಣ ಗರಿಯ ರವದಿ ಬಿದ್ದಿತ್ತು, ಅದರ ಮೇಲೆ ಅವನನ್ನು ಉದ್ದಕ್ಕೆ ಮಲಗಿಸಿಕೊಂಡು ಬಂದಿದ್ದರು. ತಿಳಿದು ಮಾಡಿದ್ದಲ್ಲ, ಬೈಕ್ ಸಿಕ್ಕಿರಲಿಲ್ಲ ಅಷ್ಟೇ.

ಕಾಲುಗಳು ಸತ್ತಂತೆ ಬಿದ್ದಿದ್ದವು. ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರೆ ಏನೂ ಇಲ್ಲ. ಪಿನ್ನು ಹಿಡಿದು ಎದೆಯಿಂದ ಕೆಳಗಿಳಿದೆ. ಹೊಕ್ಕುಳದ ತನಕ "ಚುಚ್ಚತೈತ್ರಿ, ಚುಚ್ಚತೈತ್ರಿ" ಎನ್ನುತ್ತಿದ್ದವನು ಅದರ ಕೆಳಗೆ ಸುಮ್ಮನಾದ. "ಕಾಲ ಹೆಬ್ಬೆರಳ ಅಲಗಸ್ರಿ," ಎಂದೆ. ಅವನು ಮಾಡಿನ ಕಡೆ ನೋಡುತ್ತಾ, "ಅಲಗಸಾಕತ್ತೇನ್ರಿ," ಎಂದ. ಏನೂ ಅಲುಗುತ್ತಿರಲಿಲ್ಲ. ಈ ಕೆಲಸದಲ್ಲಿ ನನಗೆ ತಡೆದುಕೊಳ್ಳಲು ಆಗದ ಮಾತು ಇದೊಂದೇ. ಅವರು ಸುಳ್ಳು ಹೇಳುವುದಿಲ್ಲ, ನಿಜವಾಗಿ ಅಲುಗಿಸುತ್ತಿರುತ್ತಾರೆ, ಹುಕುಂ ದಾರಿಯಲ್ಲೇ ನಿಂತುಬಿಟ್ಟಿರುತ್ತದೆ. ಮತ್ತೆ ಮತ್ತೆ ಹೇಳಿದೆ. ನಾಲ್ಕನೆಯ ಸಲಕ್ಕೆ ಎಡಗಾಲಿನ ಹೆಬ್ಬೆರಳು ಒಂದು ಎಳ್ಳಿನಷ್ಟು ಬಾಗಿತು.

ಇನ್ನು ಉಳಿದದ್ದು ಯಾರೂ ಮಾಡಗೊಡದ ಪರೀಕ್ಷೆ. ಗುದದ ಸುತ್ತ ಪಿನ್ನಿನಿಂದ ಮುಟ್ಟಿ ನೋಡಬೇಕು. ಆ ಭಾಗದ ಎಳೆಗಳು ಬೆನ್ನುಹುರಿಯ ಹೊರ ಅಂಚಿನಲ್ಲಿ ಇರುತ್ತವೆ, ಉಳಿಯುವುದಾದರೆ ಅವು ಮೊದಲು ಉಳಿಯುತ್ತವೆ. ಅಲ್ಲಿ ಚುಚ್ಚಿದ್ದು ಗೊತ್ತಾದರೆ ಹುರಿ ಪೂರ್ತಿ ಹೋಗಿಲ್ಲ, ಆಸೆ ಇದೆ, ಬೇಗ ದೊಡ್ಡಾಸ್ಪತ್ರೆಗೆ ಓಡಬೇಕು ಎಂದರ್ಥ. ನಾನು ಪರದೆ ಎಳೆದು ಅವನ ಧೋತರ ಸರಿಸಿದ ಕೂಡಲೇ ಹೊರಗಿದ್ದ ಅವನ ಅವ್ವ ಒಳಗೆ ನುಗ್ಗಿದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ.

"ಹೋಗಿದ್ದು ಕಾಲ, ಅಲ್ಲ್ಯಾಕ ಕೈ ಹಾಕ್ತಿ ತಂಗಿ? ನಾಚಿಕಿ ಬರೂದಿಲ್ಲೇನ ನಿನಗ?"

"ಆಯಿ, ನೀವ ಹೊರಗ ನಡೀರಿ," ಎಂದು ಸಿಸ್ಟರ್ ಅವಳನ್ನು ತಡೆದು ಹಿಡಿದಳು. ನಾನು ಮುಟ್ಟಿದೆ. "ಏನರ ಗೊತ್ತಾಗತೈತೇನ್ರಿ?"

"ಹೌದ್ರಿ," ಎಂದ ಅವನು, ಮುಖ ಗೋಡೆಗೆ ತಿರುಗಿಸಿ. "ಚೂಪ್ ಐತ್ರಿ."

ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿಯಾಗಿತ್ತು. ಅವನು ಬಿದ್ದು ಎರಡು ತಾಸೂ ಆಗಿರಲಿಲ್ಲ. ಕೊಳವೆ ಹಾಕಿ ಮೂತ್ರ ತೆಗೆಸಿದೆ, ಹಲಗೆಯ ಮೇಲೆ ಕಟ್ಟಿಸಿದೆ, ವಿಜಯಪುರದ ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದೆ. ಆಂಬುಲೆನ್ಸ್ ಬಾಗಿಲಿಗೆ ಬಂತು. ಆಗ ಮುದುಕಿ ಹಲಗೆಯ ಮುಂದೆ ಬಂದು ನಿಂತು ನನ್ನ ಮುಖವನ್ನೇ ದಿಟ್ಟಿಸಿದಳು. ಅವಳ ತವರು ನಮ್ಮೂರು. ನನ್ನ ಅವ್ವನ ಹೆಸರು ಹಿಡಿದು, ಆಕೆಯ ಮಗಳೇ ಅಲ್ಲವೇ ನೀನು ಎಂದು ಕೇಳಿದಳು.

"ಹೌದ್ರಿ."

"ಕಾಲ ಮುಂದಾಗಿ ಹುಟ್ಟಿದಾಕಿ! ನೀ ಹುಟ್ಟುಮುಂದ ಬಿಸಿನೀರ ಕಾಸಿದಾಕಿ ನಾ. ಒಂದ ಸಲ ಒದ್ದಬಿಡ ತಂಗಿ, ಎದ್ದ ಕೂಡತಾನ."

ನಾನು ತಿಳಿಸಿ ಹೇಳಿದೆ. ಇದು ಉಳುಕಲ್ಲ, ಒಳಗಿನ ಹುರಿಗೆ ಪೆಟ್ಟಾಗಿದೆ, ಆಪರೇಷನ್ ಬೇಕಾಗಬಹುದು, ಒಂದೊಂದು ಗಳಿಗೆಯೂ ಲೆಕ್ಕಕ್ಕೆ ಬರುತ್ತದೆ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ಕೊಯ್ಯಾಕ ಕಳಸ್ತಿ," ಎಂದಳು. "ನಿನ್ನ ಕಡೆ ಅಂಥಾ ಕಾಲ ಇಟಗೊಂಡು ನನ್ನ ಮಗನ್ನ ಕೊಯ್ಯಾಕ ಕಳಸ್ತಿ?" ಅವಳ ಜೊತೆ ಬಂದಿದ್ದ ಹತ್ತು ಹನ್ನೆರಡು ಜನ ಕಬ್ಬು ಕಡಿಯುವವರೂ ಹೂಂಗುಟ್ಟಿದರು. ಮುದುಕಿ ಹಲಗೆಯ ಪಟ್ಟಿ ಹಿಡಿದು ಕುಳಿತಳು. ಒದೆಯದೆ ಒಯ್ಯಲು ಬಿಡುವುದಿಲ್ಲ ಎಂದಳು. ಕಾಲು ಗಂಟೆ ಹೋಯಿತು, ಅರ್ಧ ಗಂಟೆ ಹೋಯಿತು. ಡ್ರೈವರ್ ಹಾರ್ನ್ ಹಾಕುತ್ತಿದ್ದ. ಸಿಸ್ಟರ್ ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಒಮ್ಮಿ ಮುಟ್ಟಸಿಬಿಡ್ರಿ. ಹೋಗ್ಲಿ ಅತ್ಲಾಗ," ಎಂದಳು.

ನಾನು ಬಲಗಾಲಿನ ಚಪ್ಪಲಿ ಬಿಟ್ಟೆ. ನೆಲದ ಮೇಲಿದ್ದ ಹಲಗೆಯ ಅಂಚಿಗೆ, ಅವನ ಬೆನ್ನಿಗಲ್ಲ, ಹಲಗೆಯ ಕಟ್ಟಿಗೆಗೆ, ಹೆಬ್ಬೆರಳನ್ನು ಮೂರು ಸಲ ತಾಗಿಸಿದೆ. ಹಳೆಯ ರೂಢಿ ಬಿಡಲಿಲ್ಲ, ಬಾಗಿ ಅವನ ಪಾದ ಮುಟ್ಟಿ ನಮಸ್ಕಾರವನ್ನೂ ಮಾಡಿದೆ. ನಾನು ಮುಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ಮುದುಕಿ ಪಟ್ಟಿ ಬಿಟ್ಟಳು. ಆಂಬುಲೆನ್ಸ್ ಹೋಯಿತು.

ಅವನಿಗೆ ಎರಡನೆಯ ದಿನವೇ ಆಪರೇಷನ್ ಆಯಿತು. ನಾಲ್ಕು ತಿಂಗಳ ಮೇಲೆ ಕೋಲು ಹಿಡಿದುಕೊಂಡು, ಬಲಗಾಲು ಎಳೆಯುತ್ತಾ, ಆದರೆ ತಾನೇ ನಡೆದುಕೊಂಡು ನಮ್ಮ ಆಸ್ಪತ್ರೆಗೆ ಬಂದ. ಹಿಂದೆ ಮುದುಕಿ, ಅವಳ ಕೈಯಲ್ಲಿ ಪೇಢೆಯ ಡಬ್ಬಿ. ಇಬ್ಬರೂ ನನ್ನ ಬಲಗಾಲನ್ನೇ ಆರಿಸಿ ಮುಟ್ಟಿದರು. ಆಪರೇಷನ್ ಮಾಡಿದವರನ್ನು ನೆನಸಿರಿ ಎಂದೆ. ಮಲಗಿಸಿ ತಂದಿದ್ದಕ್ಕೆ ಉಳಿದಿರಿ ಎಂದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದೆ. "ಎಲ್ಲಾ ನಿನ್ನ ಕಾಲಿನ ಪುಣ್ಯ ತಂಗಿ," ಎಂದಳು ಮುದುಕಿ. ಪಿನ್ನು ಹಿಡಿದು ಹುಡುಕಿದ ಆ ಒಂದು ತಾಸು ಯಾರ ನೆನಪಿನಲ್ಲೂ ಇರಲಿಲ್ಲ. ಅದು ನೆನಪಿದ್ದರೂ ನಾಚಿಕೆಗೇಡಿನ ಕೆಲಸವೆಂದೇ ಇದ್ದೀತು. ನಾನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ನಕ್ಕೆ. ಎರಡು ಪೇಢೆ ತಿಂದೆ. ಒಳಗೊಳಗೆ ಸ್ವಲ್ಪ ಹಿಗ್ಗೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನನಗೆ ಗೊತ್ತಿಲ್ಲದ್ದು ಇನ್ನೊಂದು ನಡೆದಿತ್ತು. ಅವತ್ತು ಕಬ್ಬಿನ ಗುಂಪಿನಲ್ಲಿ ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಅವನು ನಡೆದ ಸುದ್ದಿ ಹಬ್ಬಿದ ಮೇಲೆ ಆ ವಿಡಿಯೋ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಅದರಲ್ಲಿ ಕಾಣುವುದು ನನ್ನ ಬಿಳಿ ಕೋಟು, ನನ್ನ ಕಾಲು, ಮಲಗಿದ ಅವನ ಮೈ. ಹಲಗೆ ಕಾಣುವುದಿಲ್ಲ. ಪಿನ್ನು, ಸುತ್ತಿಗೆ, ಆಂಬುಲೆನ್ಸ್ ಯಾವುದೂ ಇಲ್ಲ.

ಆಮೇಲೆ ಇಂಡಿಯಿಂದ ಬಂದರು, ಮುದ್ದೇಬಿಹಾಳದಿಂದ ಬಂದರು. ಗುಳಿಗೆ ಬರೆದರೆ, "ಗುಳಗಿ ಬ್ಯಾಡ್ರಿ, ಅದನ್ನ ಮಾಡ್ರಿ," ಎನ್ನುತ್ತಿದ್ದರು. ನನ್ನ ಕೋಣೆಯ ಬಾಗಿಲಲ್ಲೇ ಬೋರಲು ಮಲಗುವವರೂ ಇದ್ದರು. 'ಇಲ್ಲಿ ಒದೆಯುವುದಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಸಿಸ್ಟರ್ ಅದನ್ನು ಕಿತ್ತು ತಂದು ಮೇಜಿನ ಮೇಲಿಟ್ಟಳು. "ಹಿಂಗ ಬರದ್ರ, ಒದಿಯೂ ಡಾಕ್ಟರಬಾಯಿ ಇಲ್ಲೇ ಇದ್ದಾರಂತ ಎಲ್ಲಾರಿಗೂ ಗೊತ್ತಾಗತೈತ್ರಿ," ಎಂದಳು. ನನಗೆ ನಗು ಬಂತು. ಆಗ ಇನ್ನೂ ನಗು ಬರುತ್ತಿತ್ತು.

ಬೇಸಿಗೆಯ ಒಂದು ದಿನ, ಹೊತ್ತು ನೆತ್ತಿಗೆ ಬಂದಾಗ, ಒಂದು ಟಂಟಂ ರಿಕ್ಷಾ ಆಸ್ಪತ್ರೆಯ ಮೆಟ್ಟಿಲ ತನಕ ಬಂದು ನಿಂತಿತು. ಅದರಲ್ಲಿ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ತರುಣನನ್ನು ಎರಡೂ ಕಡೆಯಿಂದ ಹಿಡಿದು ಕೂರಿಸಿದ್ದರು. ಒಂದು ಕಡೆ ಅವನ ಅಣ್ಣ, ಇನ್ನೊಂದು ಕಡೆ ಊರಿನವನೊಬ್ಬ. ಬಸವನ ಬಾಗೇವಾಡಿಯ ಆಚೆಯ ಹಳ್ಳಿಯವರು. ಜೋಳದ ಕಣಿಕೆಯ ಬಣವೆಯ ಮೇಲಿಂದ ಜಾರಿ ಬಿದ್ದಿದ್ದ. ನಾನು ಓಡಿಹೋಗಿ, ಕೂರಿಸಬೇಡಿ, ಕೂರಿಸಬೇಡಿ ಎಂದು ಕೂಗಿದೆ. ಹಲಗೆ ತರಿಸಿದೆ. ಆಗಲೇ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಕೂತೇ ಬಂದಿದ್ದ.

ಬಿದ್ದ ಕೂಡಲೇ ಕಾಲು ಅಲುಗುತ್ತಿದ್ದವೇ ಎಂಬುದು ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ. ಅಣ್ಣನಿಗೂ ಅದನ್ನೇ ಕೇಳಿದೆ.

"ಹೂಂರಿ. ಎರಡೂ ಕಾಲ ಅಲಗಸ್ತಿದ್ದ. ಎಬ್ಬಸಬ್ಯಾಡ್ರಿ, ನೋವಾಗತೈತಿ ಅಂತಿದ್ದ. ಕಾಲ ಅದಾವಲ್ಲ ಅಂತ ಧೈರ್ಯ ಮಾಡಿ ಕುಂದರಿಸಿಕೊಂಡ ಬಂದೇವ್ರಿ."

"ಯಾವಾಗ ಹೋದವು?"

"ಬಾಗೇವಾಡಿ ದಾಟಿದ ಮ್ಯಾಲ ಜುಮ್ ಜುಮ್ ಅನ್ನಾಕತ್ತಾವ ಅಂದ. ಆಮ್ಯಾಲ ಸುಮ್ನಾದ."

"ಬಾಗೇವಾಡಿಯಾಗ ದವಾಖಾನಿ ಇರಲಿಲ್ಲೇನು? ಅಲ್ಲಿಂದ ವಿಜಯಪುರಕ್ಕ ನೆಟ್ಟಗ ರಸ್ತಾ ಐತಲ್ಲ!" ನಾನು ಒದರಿದೆ.

"ಐತ್ರಿ," ಎಂದ ಅವನು, ನನ್ನ ಸಿಟ್ಟು ಅರ್ಥವಾಗದೆ. "ಆದ್ರ ಅಲ್ಲಿ ಒದಿಯವ್ರಿಲ್ಲಲ್ರೀ."

ನಾನು ಪಿನ್ನು ತೆಗೆದುಕೊಂಡೆ. ಹೊಕ್ಕುಳದ ಕೆಳಗೆ ಏನೂ ಇಲ್ಲ. ತೊಡೆ, ಮೊಣಕಾಲು, ಪಾದ, ಏನೂ ಇಲ್ಲ. ಹೆಬ್ಬೆರಳು ಅಲುಗಿಸು ಎಂದು ಹತ್ತು ಸಲ ಹೇಳಿದೆ. "ಅಲಗಸಾಕತ್ತೇನ್ರೀ ಅಕ್ಕಾ," ಎಂದು ಹತ್ತು ಸಲವೂ ಹೇಳಿದ. ಬೆರಳು ಅಲುಗಲಿಲ್ಲ. ಕೊನೆಯ ಪರೀಕ್ಷೆಯನ್ನೂ ಮಾಡಿದೆ. ಇವರು ಯಾರೂ ತಡೆಯಲಿಲ್ಲ. ಅಲ್ಲಿಯೂ ಗೊತ್ತಾಗಲಿಲ್ಲ. ಮತ್ತೆ ಮತ್ತೆ ಮುಟ್ಟಿದೆ, ನನ್ನ ಕೈಯೇ ತಪ್ಪಿರಬಹುದು ಎಂದು. ತಪ್ಪಿರಲಿಲ್ಲ.

ಅಂಗಾಲನ್ನು ಸುತ್ತಿಗೆಯ ಹಿಡಿಯಿಂದ ಗೀರಿದೆ. ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ, ಬೆರಳುಗಳು ತಾವೇ ಮಡಚಿಕೊಂಡು ಮತ್ತೆ ಬಿಚ್ಚಿಕೊಂಡವು. ಅಣ್ಣ ಚೀರಿದ. "ಅಲಗಿತ್ರಿ! ನೋಡ್ರಿ, ಅಲಗಿತು!"

ಅದು ಅವನು ಅಲುಗಿಸಿದ್ದಲ್ಲ. ತಲೆಯ ಮಾತು ಕೆಳಗೆ ತಲುಪುವುದು ನಿಂತ ಮೇಲೆ, ಕೆಳಗಿನ ತುಂಡು ಹುರಿ ತಾನೇ ಕೊಡುವ ಉತ್ತರ ಅದು. ಹಾಗೆ ತಡವಾಗಿ ಬರುವುದು ಒಳ್ಳೆಯ ಗುರುತಲ್ಲ, ಕೆಟ್ಟ ಗುರುತು. ನಾನು ತರುಣನನ್ನು, "ಈಗ ನಾ ಏನ ಮಾಡಿದೆ?" ಎಂದು ಕೇಳಿದೆ. ಅವನು, "ಏನ ಮಾಡಿದ್ರಿ?" ಎಂದು ನನ್ನನ್ನೇ ಕೇಳಿದ.

ಅಣ್ಣ ಮೊಬೈಲು ತೆಗೆದು ನನ್ನ ಮುಂದೆ ಹಿಡಿದ. ಆ ವಿಡಿಯೋವನ್ನು ನಾನು ನೋಡಿದ್ದು ಅವತ್ತೇ. ಬಿಳಿ ಕೋಟಿನ ಕೆಳಗೆ ನನ್ನ ಕಾಲು ಒಂದು, ಎರಡು, ಮೂರು ಸಲ ಮುಂದೆ ಹೋಗಿ ಬರುತ್ತಿತ್ತು. "ಇದೊಂದ ಮಾಡ್ರೀ ಅಕ್ಕಾ. ಕೈ ಹಚ್ಚಿದ್ದಕ್ಕ ಬೆರಳ ಅಲಗ್ಯಾವ, ಕಾಲ ಹಚ್ಚಿದ್ರ ಎದ್ದ ನಿಂದರತಾನ." ಅವನು ಕೈ ಮುಗಿದಿದ್ದ. ನಾನು ಇಲ್ಲ ಎಂದೆ. ಎಷ್ಟು ಜೋರಾಗಿ ಎಂದರೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ತಮ್ಮನನ್ನು ಹಲಗೆಯ ಮೇಲೆ ಕಟ್ಟಿಸಿ ವಿಜಯಪುರಕ್ಕೆ ಕಳಿಸಿದೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅವನು ನಡೆಯಲಿಲ್ಲ.

ಒಂದು ವರ್ಷ ಕಳೆದ ಮೇಲೆ ಅಂಗವಿಕಲರ ಕಾಗದಕ್ಕೆ ಏನೋ ಬರೆಸಿಕೊಳ್ಳಲು ಅಣ್ಣತಮ್ಮ ಇಬ್ಬರೂ ಬಂದರು. ತಮ್ಮ ಗಾಲಿಕುರ್ಚಿಯಲ್ಲಿದ್ದ. ಕಾಲುಗಳು ಆಗಾಗ ತಾವೇ ಜಿಗಿಯುತ್ತಿದ್ದವು, ಅಣ್ಣ ಅವುಗಳ ಮೇಲೆ ಕೈ ಇಟ್ಟು ಅದುಮುತ್ತಿದ್ದ. ನಾನು ಬರೆದು ಮುಗಿಸಿದ ಮೇಲೂ ಅಣ್ಣ ಏಳಲಿಲ್ಲ.

"ಒಂದ ಮಾತ ಕೇಳತೇನ್ರಿ, ಖರೇ ಹೇಳ್ರಿ. ದೊಡ್ಡಾಸ್ಪತ್ರಿಯವ್ರು ಅಂದ್ರು, ಕುಂದರಿಸಿ ತರಬಾರದಿತ್ತು ಅಂತ. ನಾ ಹಂಗ ತಂದಿದ್ದಕ್ಕ ಹಿಂಗಾತೇನ್ರಿ?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವನು ಅವನೊಬ್ಬನೇ. ಯಾರಾದರೂ ಕೇಳಲಿ ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಈಗ ಕೇಳಿದ. ತಮ್ಮ ನನ್ನನ್ನೇ ನೋಡುತ್ತಿದ್ದ.

"ಹೌದು," ಎಂದೆ. "ಆದ್ರ ನೀ ಇಷ್ಟ ದೂರ ಕುಂದರಿಸಿಕೊಂಡ ಬಂದದ್ದು ನನ್ನ ವಿಡಿಯೋ ನೋಡಿ. ಅವತ್ತ ನಾ ಕಾಲ ಎತ್ತದಿದ್ರ ನೀ ಬಾಗೇವಾಡಿಯಾಗ ಇಳೀತಿದ್ದಿ. ತಪ್ಪ ನಂದು."

ಸಿಟ್ಟು ಮಾಡಲಿ, ಬೈಯಲಿ ಎಂದು ಕಾದೆ. ಅಣ್ಣ ಎದ್ದು ಗಾಲಿಕುರ್ಚಿ ತಿರುಗಿಸಿ ಬಾಗಿಲಿಗೆ ತಳ್ಳಿದ. ಬಾಗಿಲಲ್ಲಿ ಕುರ್ಚಿ ನಿಂತಿತು. ಹೊಸ್ತಿಲಿಗೆ ಅಡ್ಡಲಾಗಿ ಒಬ್ಬ ಮುದುಕ ಬೋರಲು ಮಲಗಿದ್ದ, ಅಂಗಿ ಮೇಲಕ್ಕೆ ಸರಿಸಿ, ಬೆನ್ನು ಬಿಟ್ಟುಕೊಂಡು.

"ಏಳ್ರಿ ಕಾಕಾ," ಎಂದ ಅಣ್ಣ. "ಬಾಯಾರ ಒದಿಯೂದಿಲ್ಲ. ಒದಿಯೂದ್ರಾಗ ಏನೂ ಇಲ್ಲ. ನನ್ನ ತಮ್ಮನ್ನ ನೋಡ್ರಿ ಬೇಕಾದ್ರ."

ಮುದುಕ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ, ಗಾಲಿಕುರ್ಚಿಯನ್ನೂ ಅದರಲ್ಲಿದ್ದವನ ಕಾಲುಗಳನ್ನೂ ಚೆನ್ನಾಗಿ ನೋಡಿದ.

"ಪಾಪ," ಎಂದ. "ಇವಂಗ ಆವಾಗ ಒದ್ದಿಲ್ಲ ಕಾಣತೈತಿ."

ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಾನು ಹೋಗಿ ಮುದುಕನ ರಟ್ಟೆ ಹಿಡಿದು ಎಬ್ಬಿಸಿದೆ. ಕುರ್ಚಿ ಹೊಸ್ತಿಲು ದಾಟಿ ಹೋಯಿತು.